ಕೀಮೋ ಒಂದು ಕಡೆ, ಅರ್ಜಿ ಇನ್ನೊಂದು ಕಡೆ: ಕ್ಯಾನ್ಸರ್ ಆದವರ ಜೊತೆಗಿರುವ ಗಂಡ, ಹೆಂಡತಿಗೆ

ಅಂಗವೈಕಲ್ಯ ಭತ್ಯೆಯ ತಪಾಸಣೆಗೆ ಹೋಗುವ ದಿನ ಬೆಳಿಗ್ಗೆ ನಮ್ಮ ಯಜಮಾನರ ಶರ್ಟಿನ ಗುಂಡಿ ನಾನೇ ಹಾಕಿದೆ. ಕೀಮೋದಿಂದ ಅವರ ಬೆರಳ ತುದಿಗಳು ಸದಾ ಜೋಮು ಹಿಡಿದ ಹಾಗೆ ಇರುತ್ತಿದ್ದವು. ಮೊದಲ ಎರಡು ಗುಂಡಿಗೆ ಅವರೇ ಪ್ರಯತ್ನ ಮಾಡಿದರು. ಗುಂಡಿ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಅನ್ನೋದೇ ಗೊತ್ತಾಗದೆ, ಗಲ್ಲ ಎದೆಗೆ ತಾಗೋ ಹಾಗೆ ಬಗ್ಗಿ ನೋಡಿಕೊಂಡು ತೂರಿಸುತ್ತಿದ್ದರು. ಹೊತ್ತಾಗುತ್ತಿತ್ತು. ಉಳಿದದ್ದು ನಾನು ಹಾಕಿ, ತಲೆ ಬಾಚಿ, ಕೈ ಹಿಡಿದು ಕರೆದುಕೊಂಡು ಹೋದೆ. ಆರು ವಾರದ ಮೇಲೆ ಪತ್ರ ಬಂತು, ಅರ್ಜಿ ತಿರಸ್ಕಾರ. ಕಾರಣಗಳಲ್ಲಿ ಒಂದು ಸಾಲು ಹೀಗಿತ್ತು: 'ಅರ್ಜಿದಾರರು ಅಚ್ಚುಕಟ್ಟಾಗಿ ಬಟ್ಟೆ ತೊಟ್ಟು ಬಂದಿದ್ದರು, ಕೈಗಳ ಬಳಕೆಯಲ್ಲಿ ತೊಂದರೆ ಕಾಣಲಿಲ್ಲ.'

ಆ ಸಾಲನ್ನು ಎಷ್ಟು ಸಲ ಓದಿದೆನೋ. ಸಿಟ್ಟು ಇಳಿಯೋಕೆ ಎರಡು ದಿನ ಬೇಕಾಯಿತು. ಇಳಿದ ಮೇಲೆ ಒಂದು ವಿಷಯ ಹೊಳೆಯಿತು. ಆಸ್ಪತ್ರೆಯ ಫೈಲಿನಲ್ಲಿ ಇರೋದು ಗಡ್ಡೆಯ ಕತೆ. ಎಷ್ಟು ದೊಡ್ಡದು, ಯಾವ ಹಂತ, ಯಾವ ಔಷಧಿ, ಎಷ್ಟು ಸೈಕಲ್ (ಒಂದು ಕೀಮೋದಿಂದ ಮುಂದಿನ ಕೀಮೋ ತನಕದ ಸುತ್ತು). ಭತ್ಯೆ ಕೊಡುವ ಕಚೇರಿಗೆ ಬೇಕಾಗಿರೋದು ದಿನದ ಕತೆ. ಎದ್ದು ಬಾತ್‌ರೂಮಿಗೆ ಹೋಗೋಕೆ ಆಗುತ್ತಾ, ಅನ್ನ ಕಲಸೋಕೆ ಆಗುತ್ತಾ, ಅರ್ಧ ಗಂಟೆ ಕೂತು ಕೆಲಸ ಮಾಡೋಕೆ ಆಗುತ್ತಾ. ಇದು ಯಾವ ರಿಪೋರ್ಟಿನಲ್ಲೂ ಇರೋದಿಲ್ಲ. ಹತ್ತಿರದಿಂದ ನೋಡುವವರು ನೀವು. ಹಾಗಾಗಿ ಬರೆದಿಡಬೇಕಾದವರೂ ನೀವೇ.

ಭತ್ಯೆಯ ಹೆಸರು, ಫಾರಂ, ನಿಯಮ ಎಲ್ಲಾ ಒಂದೊಂದು ದೇಶದಲ್ಲಿ ಒಂದೊಂದು ಥರ. ಮನೆಯಲ್ಲಿ ಮಾಡಬೇಕಾದ ಕೆಲಸ ಮಾತ್ರ ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ. ನಾವು ತಡವಾಗಿ ಕಲಿತದ್ದನ್ನು ನೀವು ಮೊದಲೇ ಮಾಡಿ ಅಂತ ಬರೆಯುತ್ತಿದ್ದೇನೆ.

1. ಇವತ್ತೇ ಒಂದು ನೋಟ್‌ಬುಕ್ ತೆಗೆಯಿರಿ

ಆ್ಯಪ್ ಬೇಡ, ಎಕ್ಸೆಲ್ ಬೇಡ. ಹಾಸಿಗೆ ಪಕ್ಕದಲ್ಲಿ ಇಡೋಕೆ ಆಗುವ ಒಂದು ನೋಟ್‌ಬುಕ್, ಒಂದು ಪೆನ್ನು. ದಿನಕ್ಕೆ ಮೂರು ನಾಲ್ಕು ಸಾಲು ಸಾಕು. ತಾರೀಕು ಹಾಕಿ. ತಾರೀಕಿನ ಪಕ್ಕದಲ್ಲಿ ಅದು ಸೈಕಲ್‌ನ ಎಷ್ಟನೇ ದಿನ ಅಂತ ಬರೆಯಿರಿ. ಇದು ತುಂಬಾ ಮುಖ್ಯ, ಯಾಕೆ ಅಂತ ಹೇಳುತ್ತೇನೆ.

ಕೀಮೋ ಜೊತೆ ವಾಂತಿ ತಡೆಯೋಕೆ ಸಾಮಾನ್ಯವಾಗಿ ಸ್ಟೀರಾಯ್ಡ್ ಕೊಡುತ್ತಾರೆ, ಹೆಚ್ಚಾಗಿ ಡೆಕ್ಸಾಮೆಥಾಸೋನ್. ಅದರ ಪ್ರಭಾವ ಇರುವ ಒಂದೆರಡು ದಿನ ಮನುಷ್ಯ ಚುರುಕಾಗಿ ಕಾಣಬಹುದು, ರಾತ್ರಿ ನಿದ್ದೆ ಬಾರದೆ ಮಾತಾಡುತ್ತಾ ಕೂರಬಹುದು. ಅದು ಇಳಿದ ಮೇಲೆ ಒಮ್ಮೆಲೇ ಕುಸಿಯುತ್ತಾರೆ. ನಮ್ಮವರಿಗೆ ಮೂರನೇ ದಿನದಿಂದ ಏಳನೇ ದಿನದ ತನಕ ಏನೂ ಮಾಡೋಕೆ ಆಗುತ್ತಿರಲಿಲ್ಲ. ಬಂದವರೆಲ್ಲ ನೋಡುತ್ತಿದ್ದದ್ದು ಮೊದಲ ದಿನದ ಮುಖ. 'ಚೆನ್ನಾಗೇ ಇದ್ದಾರಲ್ಲ' ಅಂತ ಹೇಳಿ ಹೋಗುತ್ತಿದ್ದರು. ಡಾಕ್ಟರ್ ನೋಡುತ್ತಿದ್ದದ್ದೂ ಮುಂದಿನ ಸೈಕಲ್ಲಿಗೆ ಹೋದಾಗಿನ ಮುಖ, ಅಂದರೆ ಇದ್ದದ್ದರಲ್ಲಿ ಒಳ್ಳೆಯ ದಿನದ ಮುಖ. ನಡುವಿನ ಐದು ದಿನಕ್ಕೆ ನಾನೊಬ್ಬಳೇ ಸಾಕ್ಷಿ.

ಏನು ಬರೆಯಬೇಕು? ಎಷ್ಟು ಹೊತ್ತು ಎದ್ದಿದ್ದರು, ಎಷ್ಟು ತಿಂದರು, ಯಾವ ಕೆಲಸಕ್ಕೆ ನಿಮ್ಮ ಕೈ ಬೇಕಾಯಿತು, ಏನು ಅರ್ಧಕ್ಕೆ ಬಿಟ್ಟರು. ಜ್ವರ ನೋಡಿದ್ದರೆ ಎಷ್ಟಿತ್ತು. ಮರೆವು ಕೂಡ ಬರೆಯಿರಿ. ಗ್ಯಾಸ್ ಆರಿಸದೆ ಬಂದದ್ದು, ಅದೇ ಮಾತ್ರೆ ಎರಡು ಸಲ ನುಂಗಲು ಹೋದದ್ದು. ಕೀಮೋ ನಂತರ ತಲೆ ಮಂಜು ಕವಿದ ಹಾಗೆ ಆಗೋದು ನಿಜ, ಅದು ಸೋಮಾರಿತನ ಅಲ್ಲ.

ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ಕಚೇರಿಗೆ ಮೀಸಲಿಡಿ. ಯಾವತ್ತು ಫೋನ್ ಮಾಡಿದ್ದು, ಯಾರು ಮಾತಾಡಿದರು, ಏನು ಹೇಳಿದರು. ಫೋನಿನಲ್ಲಿ ಹೇಳಿದ ಮಾತಿಗೆ ಬೇರೆ ಗುರುತು ಇರೋದಿಲ್ಲ.

2. ಡಾಕ್ಟರ್ ಕೋಣೆಯೊಳಗೆ ನೀವೂ ಹೋಗಿ

ಒಬ್ಬರಿಗೆ ಕೇಳಿಸಿದ್ದು ಇನ್ನೊಬ್ಬರಿಗೆ ಕೇಳಿಸಿರೋದಿಲ್ಲ. 'ಕ್ಯಾನ್ಸರ್' ಅನ್ನೋ ಪದ ಬಿದ್ದ ಮೇಲೆ ಕಿವಿ ಮುಚ್ಚಿಕೊಳ್ಳುತ್ತದೆ. ಪ್ರಶ್ನೆ ಮೊದಲೇ ಬರೆದುಕೊಂಡು ಹೋಗಿ, ಉತ್ತರ ಅಲ್ಲೇ ಬರೆದುಕೊಳ್ಳಿ. ಈ ಚಿಕಿತ್ಸೆ ವಾಸಿ ಮಾಡೋಕಾ, ಅಥವಾ ಕಾಯಿಲೆ ಹಿಡಿತದಲ್ಲಿಟ್ಟು ನೋವು ಕಡಿಮೆ ಮಾಡೋಕಾ ಅಂತ ನೇರವಾಗಿ ಕೇಳಿ. ಕೇಳೋಕೆ ಕಷ್ಟದ ಪ್ರಶ್ನೆ ಅದು. ಆದರೆ ಕೆಲಸ, ರಜೆ, ಅರ್ಜಿ ಎಲ್ಲಾ ಅದರ ಮೇಲೆ ನಿಂತಿರುತ್ತದೆ. ರಾತ್ರಿ ಎರಡು ಗಂಟೆಗೆ ತೊಂದರೆ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕೇಳದೆ ಆ ಕೋಣೆಯಿಂದ ಹೊರಗೆ ಬರಬೇಡಿ.

ಇನ್ನೊಂದು ಮಾತು. 'ಹೇಗಿದ್ದೀರಿ' ಅಂತ ಡಾಕ್ಟರ್ ಕೇಳಿದಾಗ ನಮ್ಮವರು ಪ್ರತಿ ಸಲವೂ 'ಪರವಾಗಿಲ್ಲ, ಸ್ವಲ್ಪ ಜೋಮು ಅಷ್ಟೇ' ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ಸುಮ್ನೆ ಕೂತಿರುತ್ತಿದ್ದೆ, ಅವರ ಮಾತು ತುಂಡರಿಸೋದು ಸರಿಯಲ್ಲ ಅಂತ. ಅದು ನಾನು ಮಾಡಿದ ದೊಡ್ಡ ತಪ್ಪು. ಅವರಿಗೆ ಕೊಡುತ್ತಿದ್ದ ಔಷಧಿ ಆಕ್ಸಾಲಿಪ್ಲಾಟಿನ್. ಅದು ನರಗಳಿಗೆ ಪೆಟ್ಟು ಕೊಡುತ್ತದೆ, ತಣ್ಣಗಿರುವುದನ್ನು ಮುಟ್ಟಿದರೆ ಬೆರಳಿಗೆ ಚುಚ್ಚಿದ ಹಾಗೆ ಆಗುತ್ತದೆ. ಜೋಮು ಜಾಸ್ತಿ ಆಗುತ್ತಿದೆ ಅಂತ ಗೊತ್ತಾದರೆ ಡಾಕ್ಟರ್ ಡೋಸ್ ಕಡಿಮೆ ಮಾಡಬಹುದು, ಆ ಔಷಧಿಯನ್ನು ನಿಲ್ಲಿಸಲೂಬಹುದು. ನಿಜ ಹೇಳದೆ ಇದ್ದದ್ದರಿಂದ ಭತ್ಯೆಯೂ ಹೋಯಿತು, ಕೈಯೂ ಹಾಳಾಯಿತು. ನೀವು ನೋಟ್‌ಬುಕ್ ತೆಗೆದು ಓದಿ ಹೇಳಿ. ಮೊದಲೇ ಮನೆಯಲ್ಲಿ 'ಇದನ್ನ ನಾನು ಹೇಳ್ತೀನಿ' ಅಂತ ಅವರಿಗೆ ತಿಳಿಸಿರಿ, ಆಗ ಬೇಜಾರಾಗೋದಿಲ್ಲ.

3. ಜ್ವರ 38 ಡಿಗ್ರಿ ಮುಟ್ಟಿದರೆ ಕಾಯಬೇಡಿ

ಕೀಮೋ ಕೊಟ್ಟ 7ರಿಂದ 14 ದಿನದ ಮಧ್ಯೆ ಸಾಮಾನ್ಯವಾಗಿ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ಆಗ ಬರುವ ಸೋಂಕು ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ ತರಬಹುದು. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಬಂದರೆ ಆಗಲೇ ಆಸ್ಪತ್ರೆಗೆ ಫೋನ್ ಮಾಡಿ, ಎಷ್ಟು ಗಂಟೆಯಾಗಿದ್ದರೂ ಸರಿ. ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ, ಅದು ಜ್ವರವನ್ನು ಮುಚ್ಚಿಡುತ್ತದೆ. ಜ್ವರ ಇಲ್ಲದೆ ನಡುಕ ಬಂದರೂ ಫೋನ್ ಮಾಡಿ. ತುರ್ತು ಚಿಕಿತ್ಸೆಯ ಕೌಂಟರಿನಲ್ಲಿ ಮೊದಲ ಮಾತೇ 'ಕೀಮೋ ನಡೀತಿದೆ, ಜ್ವರ ಬಂದಿದೆ' ಅಂತ ಇರಲಿ.

ತಡ ಮಾಡಬಾರದ ಇನ್ನೂ ಕೆಲವು ಇವೆ. ಒಂದೇ ಕಾಲು ಊದಿಕೊಂಡರೆ, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು. ಬೆನ್ನು ನೋವಿನ ಜೊತೆ ಕಾಲಿನ ಶಕ್ತಿ ಹೋದರೆ, ಮೂತ್ರ ಕಟ್ಟಿಕೊಂಡರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಎರಡಕ್ಕೂ ಆಗಲೇ ಆಸ್ಪತ್ರೆಗೆ ಹೋಗಬೇಕು.

4. ಮನೆಯಲ್ಲಿ

ಇದರ ಬಗ್ಗೆ ಆಸ್ಪತ್ರೆಯ ನರ್ಸ್‌ಗಳು ಚೆನ್ನಾಗಿ ಹೇಳಿಕೊಡುತ್ತಾರೆ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ವಾಂತಿಯ ಮಾತ್ರೆ ವಾಂತಿ ಬಂದ ಮೇಲೆ ಕೊಡೋದಲ್ಲ, ಹೇಳಿದ ಹೊತ್ತಿಗೆ ಕೊಡೋದು. ಅದರಲ್ಲಿ ಕೆಲವು ಮಲಬದ್ಧತೆ ತರುತ್ತವೆ, ಅದನ್ನೂ ಡಾಕ್ಟರಿಗೆ ಹೇಳಿ. ಬಾಯಿ ಹುಣ್ಣಿಗೆ ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ಬಾಯಿ ಮುಕ್ಕಳಿಸೋದು ಹಿತ ಕೊಡುತ್ತದೆ. ಬಾಯೆಲ್ಲಾ ಕಬ್ಬಿಣದ ರುಚಿ ಅನ್ನುವವರಿಗೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚ ಕೊಟ್ಟು ನೋಡಿ. ಕೀಮೋ ಆದ ಮೇಲೆ ಕನಿಷ್ಠ 48 ಗಂಟೆ ವಾಂತಿ, ಮೂತ್ರ ಬಳಿಯುವಾಗ, ಬಟ್ಟೆ ಒಗೆಯುವಾಗ ಗ್ಲೌಸ್ ಹಾಕಿಕೊಳ್ಳಿ.

ಸುಸ್ತಿನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಅದು ನಾವು ನೀವು ದಣಿದ ಹಾಗಲ್ಲ. ಹತ್ತು ಗಂಟೆ ಮಲಗಿ ಎದ್ದರೂ ಹೋಗೋದಿಲ್ಲ. 'ಸ್ವಲ್ಪ ಎದ್ದು ಓಡಾಡಿ, ಸರಿ ಹೋಗುತ್ತೆ' ಅಂತ ನಾನು ಮೊದಮೊದಲು ಗದರಿಸಿದ್ದೂ ಉಂಟು. ದಿನಾ ಸ್ವಲ್ಪ ನಡೆಯೋದು ಒಳ್ಳೆಯದೇ, ಡಾಕ್ಟರೂ ಹೇಳುತ್ತಾರೆ. ಆದರೆ ಅವರಿಗೆ ಇರುವ ಶಕ್ತಿ ಒಂದು ಲೋಟದಷ್ಟು ಅಂತ ಇಟ್ಟುಕೊಳ್ಳಿ. ಸ್ನಾನಕ್ಕೆ ಅರ್ಧ ಖರ್ಚಾದರೆ ಊಟಕ್ಕೆ ಕೂರೋಕೆ ಉಳಿದರ್ಧ. ಯಾವುದಕ್ಕೆ ಖರ್ಚು ಮಾಡಬೇಕು ಅಂತ ಅವರೇ ಆರಿಸಲಿ. ಒಂದು ಸಂಜೆ ಸ್ನಾನ ಬಿಟ್ಟು ಮಗಳ ಜೊತೆ ಮಾತಾಡ್ತೀನಿ ಅಂದರು. ಅವತ್ತು ಅದೇ ಸರಿ.

5. ಅರ್ಜಿ ಬೇಗ ಹಾಕಿ

'ಚಿಕಿತ್ಸೆ ಮುಗಿಯಲಿ, ಆಮೇಲೆ ನೋಡೋಣ' ಅಂತ ಕಾಯಬೇಡಿ. ಎಷ್ಟೋ ಕಡೆ ಹಣ ಲೆಕ್ಕ ಆಗೋದು ಅರ್ಜಿ ಹಾಕಿದ ದಿನದಿಂದ, ಕಾಯಿಲೆ ಬಂದ ದಿನದಿಂದ ಅಲ್ಲ. ತೀರ್ಮಾನಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕಾಯಿಲೆ ತುಂಬಾ ಮುಂದುವರಿದಿದ್ದರೆ ಬೇಗ ತೀರ್ಮಾನ ಮಾಡುವ ಬೇರೆ ದಾರಿ ಹಲವು ವ್ಯವಸ್ಥೆಗಳಲ್ಲಿ ಇದೆ. ಅದಕ್ಕೆ ಡಾಕ್ಟರ್ ಬೇರೆ ಫಾರಂ ತುಂಬಬೇಕಾಗಬಹುದು, ಕೇಳಿ ತಿಳಿದುಕೊಳ್ಳಿ.

ಹಣ ಒಂದೇ ಜಾಗದಿಂದ ಬರೋದಿಲ್ಲ. ಕೆಲಸದ ಜಾಗದ ರಜೆ ಮತ್ತು ಸಂಬಳ, ವಿಮೆ, ಸರ್ಕಾರದ ಭತ್ಯೆ, ನೋಡಿಕೊಳ್ಳುವವರಿಗೆ ಅಂತ ಇರುವ ನೆರವು, ಪ್ರಯಾಣದ ರಿಯಾಯಿತಿ. ಒಂದೊಂದಕ್ಕೂ ಬೇರೆ ಬೇರೆ ಗಡುವು. ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಮಾತ್ರ ಸಾವಿರ ಸಲ ಯೋಚಿಸಿ. ರಾಜೀನಾಮೆಯ ಜೊತೆ ವಿಮೆಯೂ ಹೋಗಬಹುದು. ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತರು ಇದ್ದಾರಾ ಅಂತ ಮೊದಲ ವಾರವೇ ವಿಚಾರಿಸಿ. ಯಾವ ಫಾರಂ ಎಲ್ಲಿ ಸಿಗುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ.

'ನನ್ನ ಪರವಾಗಿ ಇವರು ಮಾತಾಡಬಹುದು' ಅನ್ನೋ ಅಧಿಕಾರ ಪತ್ರಕ್ಕೆ ಅವರು ಚೆನ್ನಾಗಿರುವ ದಿನವೇ ಸಹಿ ಹಾಕಿಸಿಕೊಳ್ಳಿ. ಅದಿಲ್ಲದಿದ್ದರೆ ವಾಂತಿ ಮಾಡುತ್ತಿರುವ ಮನುಷ್ಯನ ಕೈಗೇ ಫೋನ್ ಕೊಡಿ ಅನ್ನುತ್ತಾರೆ.

6. ಡಾಕ್ಟರ್ ಪತ್ರದಲ್ಲಿ ಏನಿರಬೇಕು

ನಮ್ಮ ಮೊದಲ ಪತ್ರದಲ್ಲಿ 'ರೋಗಿಯು ಚಿಕಿತ್ಸೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತಿದ್ದಾರೆ' ಅಂತ ಇತ್ತು. ಡಾಕ್ಟರ ಭಾಷೆಯಲ್ಲಿ ಇದರ ಅರ್ಥ, ಚಿಕಿತ್ಸೆ ನಿಲ್ಲಿಸುವಷ್ಟು ತೊಂದರೆ ಆಗಿಲ್ಲ, ಮುಂದುವರಿಸಬಹುದು ಅಂತ. ಕಚೇರಿಯವರು ಅದನ್ನು ಆರಾಮಾಗಿದ್ದಾರೆ ಅಂತ ಓದಿದರು. ಡಾಕ್ಟರದ್ದು ತಪ್ಪಲ್ಲ. ಅವರು ಬರೆದದ್ದು ಇನ್ನೊಬ್ಬ ಡಾಕ್ಟರಿಗೆ.

ಎರಡು ಅಂಕಿಗಳನ್ನು ಗಮನಿಸಿ. ಒಂದು ಇಕಾಗ್ (ECOG) ಸ್ಕೋರ್. 1982ರಲ್ಲಿ ಪ್ರಕಟವಾದ ಈ ಅಳತೆ ರೋಗಿಯ ಓಡಾಟವನ್ನು 0ಯಿಂದ ಶುರು ಮಾಡಿ ಎಣಿಸುತ್ತದೆ. 1 ಅಂದರೆ ಭಾರದ ಕೆಲಸ ಆಗದು, ಕೂತು ಮಾಡುವ ಹಗುರ ಕೆಲಸ ಆಗುತ್ತದೆ. 2 ಅಂದರೆ ತನ್ನನ್ನು ತಾನು ನೋಡಿಕೊಳ್ಳುತ್ತಾರೆ, ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಎದ್ದಿರುತ್ತಾರೆ, ಆದರೆ ಯಾವ ಕೆಲಸಕ್ಕೂ ಹೋಗೋಕೆ ಆಗದು. 3 ಅಂದರೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಹಾಸಿಗೆ ಅಥವಾ ಕುರ್ಚಿಯಲ್ಲೇ. ಒಂದಕ್ಕೂ ಎರಡಕ್ಕೂ ನಡುವೆ ಇರೋದು ಕೆಲಸ ಮಾಡಬಲ್ಲರಾ ಇಲ್ಲವಾ ಅನ್ನೋ ಪ್ರಶ್ನೆಯೇ. ಚಿಕಿತ್ಸೆ ಶುರುವಾಗುವ ಮೊದಲು ಬರೆದ 1 ಆರು ತಿಂಗಳ ಮೇಲೂ ಫೈಲಿನಲ್ಲಿ ಹಾಗೇ ಕೂತಿರಬಹುದು. ಈಗಿನದ್ದು ಎಷ್ಟು ಅಂತ ಕೇಳಿ ಬರೆಸಿ.

ಇನ್ನೊಂದು, ಅಡ್ಡಪರಿಣಾಮದ ಗ್ರೇಡ್. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪಟ್ಟಿಯನ್ನು ಕ್ಯಾನ್ಸರ್ ಡಾಕ್ಟರುಗಳು ಬಳಸುತ್ತಾರೆ. ಅದರ ಪ್ರಕಾರ ಜೋಮಿನಿಂದ ಅಡುಗೆ, ಅಂಗಡಿ, ಹಣ ಎಣಿಸೋದು ಇಂಥದ್ದಕ್ಕೆ ತೊಡಕಾದರೆ ಗ್ರೇಡ್ 2. ಬಟ್ಟೆ ಹಾಕಿಕೊಳ್ಳೋದು, ಸ್ನಾನ, ಊಟ ಇಂಥ ಸ್ವಂತ ಕೆಲಸಕ್ಕೇ ತೊಡಕಾದರೆ ಗ್ರೇಡ್ 3. ನಮ್ಮವರ ಫೈಲಿನಲ್ಲಿ ಇದ್ದದ್ದು ಗ್ರೇಡ್ 1. 'ಸ್ವಲ್ಪ ಜೋಮು ಅಷ್ಟೇ' ಅಂದಿದ್ದರಲ್ಲ! ಗುಂಡಿಯ ವಿಷಯ ಹೇಳಿದ ಮೇಲೆ ಡಾಕ್ಟರ್ ಒಂದು ಶರ್ಟು ಕೊಟ್ಟು ಹಾಕಿಸಿ ನೋಡಿ, ತಿದ್ದಿ ಬರೆದರು.

ಡಾಕ್ಟರಿಗೆ ಸಮಯ ಇರೋದಿಲ್ಲ. ಒಂದು ಪುಟದಲ್ಲಿ ಮನೆಯ ಸ್ಥಿತಿ ಬರೆದು ಅವರ ಕೈಗೆ ಕೊಡಿ. ತಾವೇ ನೋಡಿ, ಒಪ್ಪಿದ್ದನ್ನು ಪತ್ರದಲ್ಲಿ ಸೇರಿಸಲಿ.

7. ಫಾರಂ ತುಂಬುವಾಗ

'ನಡೆಯಬಲ್ಲಿರಾ?' ಅಂತ ಕೇಳಿರುತ್ತಾರೆ. ಹೌದು ಅಂತ ಬರೆದರೆ ಅಲ್ಲಿಗೆ ಮುಗಿಯಿತು. ಪ್ರತಿ ಪ್ರಶ್ನೆಗೂ ನಾಲ್ಕು ಕೇಳಿಕೊಳ್ಳಿ. ಅಪಾಯ ಇಲ್ಲದೆ ಮಾಡಬಲ್ಲರಾ, ಸರಿಯಾಗಿ ಮಾಡಬಲ್ಲರಾ, ಮತ್ತೆ ಮತ್ತೆ ಮಾಡಬಲ್ಲರಾ, ಬೇರೆಯವರಿಗಿಂತ ತೀರಾ ಹೆಚ್ಚು ಹೊತ್ತು ಹಿಡಿಯದೆ ಮಾಡಬಲ್ಲರಾ. ಕೆಲವು ಕಡೆ ನಿಯಮದಲ್ಲೇ ಇದು ಇದೆ.

'ನಡೆಯಲು ಕಷ್ಟ' ಅಂತ ಬರೆದರೆ ಓದುವವರಿಗೆ ಏನೂ ಕಾಣೋದಿಲ್ಲ. ನಾನು ಎರಡನೇ ಸಲ ಹೀಗೆ ಬರೆದೆ: 'ಮಂಚದಿಂದ ಬಾತ್‌ರೂಮಿಗೆ 12 ಹೆಜ್ಜೆ. ಗೋಡೆ ಹಿಡಿದು ಹೋಗುತ್ತಾರೆ. ಪಾದ ನೆಲ ಮುಟ್ಟಿದ್ದು ಗೊತ್ತಾಗುವುದಿಲ್ಲ, ಕಳೆದ ತಿಂಗಳು 3 ಸಲ ಮುಗ್ಗರಿಸಿದ್ದಾರೆ. ಬಂದ ಮೇಲೆ 20 ನಿಮಿಷ ಮಲಗಬೇಕು. 14 ದಿನದಲ್ಲಿ 6 ದಿನ ಹೀಗೆ.' ಎಲ್ಲಾ ನೋಟ್‌ಬುಕ್ಕಿನಲ್ಲಿ ಇದ್ದದ್ದೇ.

ಒಳ್ಳೆಯ ದಿನಗಳನ್ನೂ ಲೆಕ್ಕ ಹಾಕಿ ಬರೆಯಿರಿ. ಒಂದಕ್ಕೆ ಎರಡು ಸೇರಿಸಬೇಡಿ. ಒಂದು ಮಾತು ಸುಳ್ಳು ಅಂತ ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬೋದಿಲ್ಲ.

ಇದರಲ್ಲಿ ಒಂದು ಸಂಕಟ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಗಲೆಲ್ಲಾ 'ನಿಮ್ಮಿಂದ ಆಗುತ್ತೆ' ಅಂತ ಧೈರ್ಯ ಹೇಳುವವರೇ ರಾತ್ರಿ ಕೂತು ಅವರಿಂದ ಏನೇನು ಆಗೋದಿಲ್ಲ ಅಂತ ಪಟ್ಟಿ ಮಾಡಬೇಕು. ಸಹಿ ಹಾಕೋಕೆ ಅಂತ ಕೊಟ್ಟಾಗ ನಮ್ಮವರು ಪೂರ್ತಿ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, 'ನಾನು ಇಷ್ಟೇನಾ ಈಗ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಪಕ್ಕದಲ್ಲಿ ಕೂತೆ. ನೀವು ಹಾಗೆ ಒಮ್ಮೆಲೇ ಪೂರ್ತಿ ಕೈಗೆ ಕೊಡಬೇಡಿ. ದಿನಕ್ಕೆ ಎರಡು ಪ್ರಶ್ನೆ ತೆಗೆದುಕೊಂಡು ಜೊತೆಯಲ್ಲೇ ತುಂಬಿ. ಸ್ನಾನ, ಶೌಚದ ಪ್ರಶ್ನೆಗಳಿಗೆ ಏನು ಬರೆಯಬೇಕು ಅಂತ ಅವರ ಬಾಯಿಂದಲೇ ಕೇಳಿ. ಇದು ಕಚೇರಿಗೆ ಬರೆಯುವ ಲೆಕ್ಕ, ನೀವು ಅಂದರೆ ಇಷ್ಟೇ ಅಲ್ಲ ಅಂತ ಬಾಯಿಬಿಟ್ಟು ಹೇಳಿ. ಅವರಿಗೆ ಗೊತ್ತಿರುತ್ತದೆ ಅಂದುಕೊಳ್ಳಬೇಡಿ.

ಕಳಿಸುವ ಮೊದಲು ಪ್ರತಿ ಪುಟ ಜೆರಾಕ್ಸ್ ಮಾಡಿಸಿ. ಮೂಲ ಪ್ರತಿ ಕೊಡಬೇಡಿ, ಕೊಡಲೇಬೇಕಾದರೆ ಸ್ವೀಕೃತಿ ತೆಗೆದುಕೊಳ್ಳಿ.

8. ತಪಾಸಣೆಯ ದಿನ

ತಾರೀಕು ಬಂದಾಗ ಅದು ಸೈಕಲ್‌ನ ಎಷ್ಟನೇ ದಿನ ನೋಡಿ. ಹೋಗೋಕೇ ಆಗದಂಥ ದಿನವಾದರೆ ಮೊದಲೇ ಬರೆದು ಬೇರೆ ದಿನ ಕೇಳಿ. ಫೋನಿನಲ್ಲಿ ಅಥವಾ ಮನೆಯಲ್ಲಿ ಮಾಡಬಹುದಾ ಅಂತಲೂ ಕೇಳಿ. ಜೊತೆಗೆ ನೀವು ಒಳಗೆ ಹೋಗಿ.

ಅವರನ್ನು ಸಿಂಗರಿಸಿ ಕರೆದುಕೊಂಡು ಹೋಗಬೇಡಿ ಅಂತ ನಾನು ಹೇಳೋದಿಲ್ಲ. ಕಾಯಿಲೆಯಾದ ಮನುಷ್ಯನಿಗೂ ನಾಲ್ಕು ಜನರ ಮುಂದೆ ಹೋಗುವಾಗ ಚೆನ್ನಾಗಿ ಕಾಣಬೇಕು ಅಂತ ಇರುತ್ತದೆ. ಆದರೆ ಬಾಯಿಬಿಟ್ಟು ಹೇಳಿ: ಈ ಗುಂಡಿ ನಾನು ಹಾಕಿದ್ದು, ಬರೋದಕ್ಕೆ ಮೊದಲು ನೋವಿನ ಮಾತ್ರೆ ತಗೊಂಡಿದ್ದಾರೆ, ದಾರಿಯಲ್ಲಿ ಎರಡು ಸಲ ನಿಂತು ಬಂದೆವು, ನಾಳೆ ಇಡೀ ದಿನ ಮಲಗಿರುತ್ತಾರೆ. ಮನೆಗೆ ಬಂದ ಕೂಡಲೇ ಏನು ಕೇಳಿದರು, ಏನು ಹೇಳಿದಿರಿ, ಎಷ್ಟು ನಿಮಿಷ ನಡೆಯಿತು ಅಂತ ಬರೆದಿಡಿ.

9. ತಿರಸ್ಕಾರ ಆದರೆ

ಮೊದಲು ಗಡುವು ನೋಡಿ. ಎಣಿಕೆ ಪತ್ರದ ತಾರೀಕಿನಿಂದಲೋ ಕೈಗೆ ಸಿಕ್ಕ ದಿನದಿಂದಲೋ ಓದಿಕೊಳ್ಳಿ, ಲಕೋಟೆ ಎಸೆಯಬೇಡಿ. ದಾಖಲೆ ಸೇರಿಸೋಕೆ ಹೊತ್ತು ಬೇಕಾದರೆ, ನಿಯಮ ಬಿಡುತ್ತದಾ ಅಂತ ಕೇಳಿಕೊಂಡು, ಮೊದಲು ಚಿಕ್ಕ ಮೇಲ್ಮನವಿ ಕೊಟ್ಟು ದಿನ ಉಳಿಸಿಕೊಳ್ಳಿ. ಉಳಿದದ್ದು ಆಮೇಲೆ ಸೇರಿಸಿ.

ತಪಾಸಣೆ ಮಾಡಿದವರ ಪೂರ್ತಿ ವರದಿ ಕೊಡಿ ಅಂತ ಬರೆದು ಕೇಳಿ. ಅದು ಇಲ್ಲದೆ ಉತ್ತರ ಕೊಡೋದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಕೈಗೆ ಬಂದ ಮೇಲೆ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಅವರು ಬರೆದದ್ದು, ನಿಜ ಏನು, ಅದಕ್ಕೆ ದಾಖಲೆ ಯಾವ ಪುಟದಲ್ಲಿದೆ. 'ಅಚ್ಚುಕಟ್ಟಾಗಿ ಬಟ್ಟೆ ತೊಟ್ಟಿದ್ದರು' ಅನ್ನೋದರ ಎದುರು ನಾನು ಬರೆದೆ: ಬಟ್ಟೆ ತೊಡಿಸಿದ್ದು ಹೆಂಡತಿ, ನೋಡಿ ನೋಟ್‌ಬುಕ್ ಪುಟ 41, ಡಾಕ್ಟರ ಹೊಸ ಪತ್ರ, ಗ್ರೇಡ್ 3. ಸಿಟ್ಟಿನ ಒಂದು ಮಾತೂ ಅದರಲ್ಲಿ ಇರಲಿಲ್ಲ. ಅನ್ಯಾಯ, ಮೋಸ ಅಂತೆಲ್ಲಾ ಬರೆದ ಮೊದಲ ಪ್ರತಿಯನ್ನು ಹರಿದು ಹಾಕಿದ್ದೆ.

ಒಂಬತ್ತು ತಿಂಗಳು ಹಿಡಿಯಿತು. ನಮ್ಮ ಪರವಾಗಿ ಆಯಿತು, ಹಿಂಬಾಕಿಯೂ ಬಂತು. ಆ ಒಂಬತ್ತು ತಿಂಗಳಲ್ಲಿ ಬಿಲ್ಲು, ಸಾಲದ ಕಂತು ಕಟ್ಟೋಕೆ ಆಗದಿದ್ದರೆ ತಪ್ಪಿಹೋಗುವ ಮೊದಲೇ ಕೊಡಬೇಕಾದವರಿಗೆ ಹೇಳಿ ಸಮಯ ಕೇಳಿ. ತಪ್ಪಿದ ಮೇಲೆ ಹೇಳಿದರೆ ಕೇಳೋರು ಕಡಿಮೆ.

10. ನೀವು

ನಿಮ್ಮ ಬಿಪಿ ಮಾತ್ರೆ, ನಿಮ್ಮ ಹಲ್ಲುನೋವು, ನಿಮ್ಮ ನಿದ್ದೆ. ಇವೆಲ್ಲಾ ಮುಂದೂಡುತ್ತಾ ಹೋಗಬೇಡಿ. 'ಏನಾದ್ರೂ ಬೇಕಾದ್ರೆ ಹೇಳಿ' ಅನ್ನುವವರಿಗೆ ಕೆಲಸ ಕೊಡಿ: ಮಂಗಳವಾರ ನಾಲ್ಕು ಗಂಟೆಯಿಂದ ಆರರ ತನಕ ಇವರ ಜೊತೆ ಕೂತಿರಿ. ಆ ಎರಡು ಗಂಟೆ ಮಲಗಿ, ಫಾರಂ ತೆಗೆಯಬೇಡಿ. ವಾರಗಟ್ಟಲೆ ಅಳು ನಿಲ್ಲದಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ ನಿಮ್ಮ ಡಾಕ್ಟರಿಗೆ ಹೇಳಿ. ನಾನು ಹೇಳಿದೆ, ಔಷಧಿ ತಗೊಂಡೆ, ಅದರಿಂದ ನಿಂತುಕೊಂಡೆ.

11. ಚಿಕಿತ್ಸೆ ಮುಗಿದ ಮೇಲೆ

ಕೊನೆಯ ಕೀಮೋ ಮುಗಿದ ದಿನ ಎಲ್ಲರೂ ಫೋನ್ ಮಾಡಿ ಖುಷಿಪಡುತ್ತಾರೆ. ಕಚೇರಿಯೂ 'ಚಿಕಿತ್ಸೆ ಪೂರ್ಣಗೊಂಡಿದೆ' ಅಂತ ಬರೆದುಕೊಳ್ಳುತ್ತದೆ. ಆದರೆ ಆಕ್ಸಾಲಿಪ್ಲಾಟಿನ್‌ನ ಜೋಮು ಔಷಧಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಏರುತ್ತಲೇ ಹೋಗಬಹುದು. ಸುಸ್ತು ಎಷ್ಟೋ ಜನರಿಗೆ ವರ್ಷದ ಮೇಲೂ ಉಳಿಯುತ್ತದೆ. ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಚಿಕಿತ್ಸೆ, ತಗೊಂಡವರಿಗೆ ಅಡ್ಡಪರಿಣಾಮ ತಿಂಗಳುಗಳ ನಂತರ ಹೊಸದಾಗಿ ಬರೋದೂ ಇದೆ. ಹಾಗಾಗಿ ನೋಟ್‌ಬುಕ್ ಮುಚ್ಚಬೇಡಿ, ವಾರಕ್ಕೊಮ್ಮೆಯಾದರೂ ಬರೆಯಿರಿ.

ಮರುಪರಿಶೀಲನೆಯ ಫಾರಂ ಸಾಮಾನ್ಯವಾಗಿ ಬರುತ್ತದೆ. ಹಳೇ ಜೆರಾಕ್ಸ್ ಪಕ್ಕದಲ್ಲಿಟ್ಟುಕೊಂಡು ತುಂಬಿ. ಏನು ಹಾಗೇ ಇದೆ, ಏನು ಹೆಚ್ಚಾಗಿದೆ, ಏನು ಕಡಿಮೆಯಾಗಿದೆ. ಕಡಿಮೆಯಾದದ್ದನ್ನು ಮುಚ್ಚಿಡಬೇಡಿ, ಹೇಳದಿದ್ದರೆ ಕೊಟ್ಟ ಹಣ ವಾಪಸ್ ಕೇಳುವ ಹಕ್ಕು ಅವರಿಗೆ ಇರಬಹುದು. ನಮ್ಮದು ಈ ವಾರ ಬಂದಿದೆ. ದೊಡ್ಡ ಗುಂಡಿಯ ಸ್ವೆಟರ್ ಈಗ ಅವರೇ ಹಾಕಿಕೊಳ್ಳುತ್ತಾರೆ, 6 ನಿಮಿಷ ಹಿಡಿಯುತ್ತದೆ. ಶರ್ಟು ಇನ್ನೂ ಆಗೋದಿಲ್ಲ. ಎರಡನ್ನೂ ಹಾಗೇ ಬರೆದಿದ್ದೇನೆ, ಸೋಮವಾರ ಪೋಸ್ಟ್ ಮಾಡಬೇಕು.